ಮನೆಗೆ ಹೇಳಿದ್ದು ಒಂದು, ಸ್ಟುಡಿಯೋದಲ್ಲಿ ಮಾಡುತ್ತಿರುವುದು ಇನ್ನೊಂದು

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಎರಡು ತಿಂಗಳಿಂದ ಒಬ್ಬ ಡಿಸೈನರ್ ಸ್ಟುಡಿಯೋದಲ್ಲಿ ಇಂಟರ್ನ್ ಆಗಿದ್ದೇನೆ, ಇನ್ನೂ ನಾಲ್ಕು ತಿಂಗಳಿದೆ. ಬೆಳಗ್ಗೆಯಿಂದ ರಾತ್ರಿವರೆಗೆ ಬಟ್ಟೆಗೆ ಸ್ಟೀಮರ್ ಹಿಡಿಯುವುದು, ಹೊಲಿಗೆ ಬಿಚ್ಚುವುದು, ಸ್ಯಾಂಪಲ್ ಬ್ಯಾಗ್ ಹೊರುವುದು, ಇಷ್ಟೇ ಕೆಲಸ. ನನ್ನ ಸ್ಕೆಚ್ ಪುಸ್ತಕವನ್ನು ಯಾರೂ ತೆರೆದೂ ನೋಡಿಲ್ಲ. ಸಂಬಳ ಇಲ್ಲ. ಮೂರು ವಾರದಲ್ಲಿ ಫ್ಯಾಷನ್ ಶೋ ಇದೆ, ಈಗ ಬಿಟ್ಟರೆ ಸರ್ಟಿಫಿಕೇಟ್ ಕೊಡಲ್ಲ ಅನ್ನುತ್ತಾರೆ. ಮನೆಯಲ್ಲಿ ಮಾತ್ರ ನಾನೇ ಡ್ರೆಸ್ ಡಿಸೈನ್ ಮಾಡುತ್ತಿದ್ದೇನೆ ಅಂತ ಹೇಳಿದ್ದೇನೆ. ಅಪ್ಪ ಅದನ್ನು ನಂಬಿ ತಿಂಗಳು ತಿಂಗಳು ಖರ್ಚಿಗೆ ಹಣ ಕಳಿಸುತ್ತಾರೆ. ಅಮೆರಿಕದ ಹೆಸರಾಂತ ಡಿಸೈನರ್ ವರ್ಜಿಲ್ ಅಬ್ಲೋ ಕೂಡ ಇಂಟರ್ನ್ ಆಗಿದ್ದವರೇ, ಸಹಿಸಿಕೋ ಅಂತ ಸೀನಿಯರ್‌ಗಳು ಹೇಳುತ್ತಾರೆ. ಇರಲಾ, ಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸ್ಟೀಮರ್ ಬಗ್ಗೆ ಬೇಜಾರಿನಿಂದ ಬರೆದಿದ್ದೀರಿ. ಅಪ್ಪನ ಬಗ್ಗೆ ಬರೆಯುವಾಗ ನೋವಿನಿಂದ ಬರೆದಿದ್ದೀರಿ. ಇವೆರಡೂ ಬೇರೆ ಬೇರೆ.

ಮೊದಲು ಅಬ್ಲೋ ವಿಷಯ. ಅವರು 2009ರಲ್ಲಿ ರೋಮ್‌ನ ಫೆಂಡಿ ಎಂಬ ಫ್ಯಾಷನ್ ಕಂಪನಿಯಲ್ಲಿ ಇಂಟರ್ನ್ ಆಗಿದ್ದು ನಿಜ. 2018ರಲ್ಲಿ ಫ್ರಾನ್ಸಿನ ಫ್ಯಾಷನ್ ಕಂಪನಿ ಲೂಯಿ ವಿಟಾನ್‌ನ ಗಂಡಸರ ಉಡುಪು ವಿಭಾಗದ ಮುಖ್ಯಸ್ಥರಾಗಿದ್ದೂ ನಿಜ. ಆದರೆ ಫೆಂಡಿಗೆ ಹೋಗುವ ಮುಂಚೆಯೇ ಅವರು ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದರು. ಗಾಯಕ ಕಾನ್ಯೆ ವೆಸ್ಟ್ ಜೊತೆ ಕೆಲಸ ಮಾಡುತ್ತಿದ್ದರು, ಇಬ್ಬರೂ ಒಟ್ಟಿಗೇ ಅಲ್ಲಿಗೆ ಹೋಗಿದ್ದು. ಕೈಯಲ್ಲಿ ಬೇರೆ ಕೆಲಸ ಇದ್ದು ಕಲಿಯಲು ಹೋದವರ ಕಥೆಯನ್ನು, ಅಪ್ಪನ ದುಡ್ಡಿನಲ್ಲಿ ದಿನ ದೂಡುತ್ತಿರುವ ಹುಡುಗಿಗೆ ಹೇಳಿ ಬಾಯಿ ಮುಚ್ಚಿಸುವುದು ತಪ್ಪು. ಆ ಹೋಲಿಕೆಯನ್ನು ಮನಸ್ಸಿನಿಂದ ತೆಗೆದುಬಿಡಿ.

ಇನ್ನು ಕೆಲಸ. ನಾನೂ ನಿಮ್ಮ ವಯಸ್ಸಿನಲ್ಲಿ ಒಂದು ಸ್ಟುಡಿಯೋದಲ್ಲಿ ಹೀಗೇ ಇದ್ದೆ. ಎರಡನೇ ವಾರ ಒಂದು ವೆಲ್ವೆಟ್ ಕೋಟಿಗೆ ಮೇಲಿನಿಂದಲೇ ಇಸ್ತ್ರಿ ಒತ್ತಿಬಿಟ್ಟೆ. ಅದರ ಮೇಲಿನ ನವಿರಾದ ಎಳೆಗಳು ಮಲಗಿ, ಅಷ್ಟಗಲ ಹೊಳೆಯುವ ಕಲೆ ಉಳಿಯಿತು. ಅಲ್ಲಿದ್ದ ಕಟಿಂಗ್ ಮಾಸ್ಟರ್ ಬೈಯಲಿಲ್ಲ. ಪಕ್ಕಕ್ಕೆ ಕರೆದು, ವೆಲ್ವೆಟ್‌ಗೆ ಒಳಗಿನಿಂದ ಆವಿ ಮಾತ್ರ ಕೊಡಬೇಕು, ಭಾರ ಹಾಕಬಾರದು ಅಂತ ತೋರಿಸಿದರು. ಉಣ್ಣೆ ಬಟ್ಟೆಯನ್ನು ಆವಿಯಲ್ಲೇ ಬೇಕಾದ ಆಕಾರಕ್ಕೆ ತರಬಹುದು, ರೇಷ್ಮೆಗೆ ನೀರಿನ ಹನಿ ಬಿದ್ದರೆ ಕಲೆ ಆಗಬಹುದು, ಇದೆಲ್ಲ ನನಗೆ ಗೊತ್ತಾಗಿದ್ದು ಅವರ ಮೇಜಿನ ಹತ್ತಿರ. ಕ್ಲಾಸಿನಲ್ಲಿ ಹೇಳಿದ್ದರೋ ಏನೋ, ಕೈಗೆ ಹತ್ತಿರಲಿಲ್ಲ.

ಹೊಲಿಗೆ ಬಿಚ್ಚುವುದೂ ಹಾಗೇ. ಒಂದು ಜಾಕೆಟ್ಟಿನ ತೋಳು ಬಿಚ್ಚುವಾಗ ಸ್ವಲ್ಪ ನಿಧಾನ ಮಾಡಿ ನೋಡಿ. ತೋಳಿನ ಮೇಲಂಚು, ಅದನ್ನು ಜೋಡಿಸುವ ಕಂಡಿ ಅಂದರೆ ಆರ್ಮ್‌ಹೋಲ್‌ಗಿಂತ ಸ್ವಲ್ಪ ಉದ್ದ ಇರುತ್ತದೆ. ಆ ಜಾಸ್ತಿ ಬಟ್ಟೆಯನ್ನು ಒಂದೂ ನೆರಿಗೆ ಕಾಣದ ಹಾಗೆ ಹೇಗೆ ಕೂರಿಸಿದ್ದಾರೆ, ಒಳಗೆ ಎಲ್ಲಿ ಗಟ್ಟಿ ಬಟ್ಟೆಯ ಕ್ಯಾನ್ವಾಸ್ ಇಟ್ಟಿದ್ದಾರೆ, ಬಟ್ಟೆಯನ್ನು ಎಲ್ಲಿ ಓರೆಯಾಗಿ ಕತ್ತರಿಸಿದ್ದಾರೆ, ಎಲ್ಲ ಕಣ್ಣೆದುರೇ ಇರುತ್ತದೆ. ರಾತ್ರಿ ಅದನ್ನು ನಿಮ್ಮ ಸ್ಕೆಚ್ ಪುಸ್ತಕದಲ್ಲಿ ನಿಮ್ಮದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ ಮಾತ್ರ ತೆಗೆಯಬೇಡಿ. ಶೋಗೆ ಮುಂಚೆ ಒಂದು ಚಿತ್ರ ಹೊರಗೆ ಹೋದರೂ ಇಡೀ ತಂಡದ ತಿಂಗಳುಗಟ್ಟಲೆ ದುಡಿಮೆ ಹಾಳಾಗುತ್ತದೆ.

ಆದ್ದರಿಂದ ಆ ಕೆಲಸದಲ್ಲಿ ಅವಮಾನ ಇಲ್ಲ. ಆದರೆ ನಿಮ್ಮನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ನನ್ನ ಮಾಸ್ಟರ್ ನನಗೆ 'ಯಾಕೆ' ಅಂತ ಕೇಳಲು ಬಿಡುತ್ತಿದ್ದರು. ನಿಮಗೆ ಅಂಥ ಒಬ್ಬರಾದರೂ ಇದ್ದಾರಾ? ಪತ್ರದಲ್ಲಿ ಯಾರ ಸುಳಿವೂ ಇಲ್ಲ. ದುಡ್ಡೂ ಇಲ್ಲ, ಕಲಿಸುವವರೂ ಇಲ್ಲ ಅಂದರೆ ಅದು ಇಂಟರ್ನ್‌ಶಿಪ್ ಅಲ್ಲ, ಬಿಟ್ಟಿ ಚಾಕರಿ. ಇದನ್ನು ಪ್ರಶ್ನಿಸಿದ ಮೊದಲಿಗರು ನೀವೇನಲ್ಲ. 2013ರಲ್ಲಿ ಅಮೆರಿಕದಲ್ಲಿ ಇಬ್ಬರು ಮಾಜಿ ಇಂಟರ್ನ್‌ಗಳು, ವೋಗ್ ಪತ್ರಿಕೆ ತರುವ ಕಾಂಡೆ ನ್ಯಾಸ್ಟ್ ಸಂಸ್ಥೆ ತಮಗೆ ಸರಿಯಾದ ಕೂಲಿ ಕೊಡಲಿಲ್ಲ ಅಂತ ಕೋರ್ಟಿಗೆ ಹೋದರು. ಅವರಲ್ಲಿ ಒಬ್ಬರು ಫ್ಯಾಷನ್ ಪತ್ರಿಕೆಯಲ್ಲೇ ದುಡಿದವರು. ಮುಂದಿನ ವರ್ಷ ಸಂಸ್ಥೆ 58 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಆದರೆ ಅಷ್ಟರಲ್ಲಿ ಅಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು, ಅದೂ ಬೇಸರದ ಸಂಗತಿಯೇ.

ನನ್ನ ಮಾತು ಕೇಳುವುದಾದರೆ, ಶೋ ಮುಗಿಯುವವರೆಗೆ ಇರಿ. ಸರ್ಟಿಫಿಕೇಟಿಗೆ ಹೆದರಿ ಅಲ್ಲ. ವರ್ಷದಲ್ಲಿ ಇಂಥ ವಾರಗಳು ಸಿಗುವುದೇ ಕಡಿಮೆ. ಹತ್ತು ಹದಿನೈದು ನಿಮಿಷದ ಒಂದು ಶೋಗೆ ಎಷ್ಟು ಕೈ ಸೇರುತ್ತವೆ, ಫಿಟ್ಟಿಂಗ್ ದಿನ ಮಾಡೆಲ್ ಮೈಮೇಲೆ ಡ್ರೆಸ್ ಹೇಗೆ ಬದಲಾಗುತ್ತದೆ, ಅದನ್ನು ನೀವು ನೋಡಲೇಬೇಕು. ಅದಕ್ಕೇ ಈ ವಾರವೇ ನಿಮ್ಮ ಮೇಲಿನವರ ಹತ್ತಿರ ನಿಂತು ನೇರವಾಗಿ ಕೇಳಿ: "ಒಂದು ಫಿಟ್ಟಿಂಗ್‌ನಲ್ಲಿ ಪಕ್ಕದಲ್ಲಿ ನಿಂತು ಪಿನ್ ಕೊಡುತ್ತೇನೆ, ಇರಬಹುದಾ?" ಶೋ ಆದ ಮೇಲೆ ಬಟ್ಟೆ ಕತ್ತರಿಸಲು ಕಾಗದದ ಅಚ್ಚು ಮಾಡುವ ಪ್ಯಾಟರ್ನ್ ಮೇಜಿನಲ್ಲಿ ಕೆಲಸ, ಮನೆಗೆ ಹೋಗಲು ಒಂದು ಗೊತ್ತಾದ ಸಮಯ, ಓಡಾಟದ ಖರ್ಚು, ಇವನ್ನೂ ಕೇಳಿ. ಜೊತೆಗೆ ಇಂಟರ್ನ್‌ಶಿಪ್ ಪತ್ರದಲ್ಲಿ ಸರ್ಟಿಫಿಕೇಟ್ ಬಗ್ಗೆ ಏನು ಬರೆದಿದೆ ಅಂತ ಓದಿ, ಕಾಲೇಜಿನಲ್ಲಿ ಒಬ್ಬ ಟೀಚರಿಗೆ ವಿಷಯ ತಿಳಿಸಿಡಿ. ಒಂಟಿಯಾಗಿ ಬೆದರಿಕೆ ಕೇಳಿಸಿಕೊಂಡು ಕೂರಬೇಡಿ.

ಶೋ ಆದ ಮೇಲೂ ಎಲ್ಲದಕ್ಕೂ 'ಇಲ್ಲ' ಅಂದರೆ ಹೊರಡಿ. ಅದಕ್ಕಾಗಿ ನಾಚಿಕೆಪಡಬೇಡಿ. ಯಾರಾದರೂ ಮೈಮೇಲೆ ಕೈ ಹಾಕಿದರೆ, ಹೀನಾಯವಾಗಿ ಮಾತಾಡಿದರೆ, ಮೂರು ವಾರ ಅಲ್ಲ, ಮೂರು ಗಂಟೆಯೂ ಇರಬೇಡಿ.

ಇನ್ನು ಅಪ್ಪ. ಅವರಿಗೆ ನೀವು ಹೇಳಿದ ಸುಳ್ಳೇ ನಿಮ್ಮನ್ನು ಜಾಸ್ತಿ ಸುಸ್ತು ಮಾಡುತ್ತಿದೆ ಅಂತ ನನಗೆ ಅನ್ನಿಸುತ್ತದೆ. ದಿನವಿಡೀ ದುಡಿದು, ರಾತ್ರಿ ಫೋನಿನಲ್ಲಿ ಇನ್ನೊಂದು ಬದುಕನ್ನು ಕಟ್ಟಿ ಹೇಳಬೇಕು. ಎಷ್ಟು ಕಷ್ಟ ಅಲ್ವಾ? ಅಪ್ಪನಿಗೆ ಡ್ರೆಸ್ಸಿನ ಬಗ್ಗೆ ಅಷ್ಟು ಗೊತ್ತಿಲ್ಲದಿರಬಹುದು. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎಂಥ ಕೆಲಸ ಸಿಗುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ನಾಳೆ ಫೋನ್ ಮಾಡಿದಾಗ ಆ ತೋಳು ಬಿಚ್ಚಿದ್ದರಿಂದಲೇ ಶುರು ಮಾಡಿ. "ಅಪ್ಪಾ, ನಾನಿನ್ನೂ ಡಿಸೈನ್ ಮಾಡುತ್ತಿಲ್ಲ, ಬಿಚ್ಚುತ್ತಿದ್ದೇನೆ" ಅನ್ನಿ. ಆಮೇಲೆ ಅವರು ಏನು ಕೇಳುತ್ತಾರೋ ಕೇಳಲಿ, ಎಲ್ಲವನ್ನೂ ಹೇಳಿ.