ಕ್ಲೂಸೋ ಮೊದಲು, ವಜ್ರ ಆಮೇಲೆ

ಪ್ರಶ್ನೆ: ಈ ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಮನೆಮಂದಿಯೆಲ್ಲ ಕುಳಿತು ‘ಪಿಂಕ್ ಪ್ಯಾಂಥರ್’ ಸರಣಿಯ ಹಳೆಯ ಹಾಸ್ಯಚಿತ್ರಗಳನ್ನು ನೋಡಬೇಕೆಂದಿದ್ದೇವೆ. ಅವುಗಳಲ್ಲಿ ಶ್ರೇಷ್ಠವಾದುದು ಯಾವುದು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನನ್ನ ಮೊದಲ ಸ್ಥಾನ, ಹೆಸರಿನಲ್ಲಿ ಪಿಂಕ್ ಪ್ಯಾಂಥರ್ ಎಂಬ ಮಾತೇ ಇಲ್ಲದ, 1964ರ ‘ಎ ಶಾಟ್ ಇನ್ ದ ಡಾರ್ಕ್’ ಚಿತ್ರಕ್ಕೆ. ಸರಣಿಯ ಮೊದಲ ಚಿತ್ರದಲ್ಲಿ ‘ಪಿಂಕ್ ಪ್ಯಾಂಥರ್’ ಎಂಬ ವಜ್ರಕ್ಕೆ ಕಣ್ಣಿಟ್ಟ ಕಳ್ಳನಾಗಿ ಡೇವಿಡ್ ನಿವೆನ್ ಅವರಿಗೇ ಪ್ರಾಧಾನ್ಯವಿತ್ತು. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಎರಡನೆಯದಾದ ಇದರಲ್ಲಿ ಪೀಟರ್ ಸೆಲರ್ಸ್ ಅವರ ಇನ್‌ಸ್ಪೆಕ್ಟರ್ ಕ್ಲೂಸೋನನ್ನು ನಡುವೆ ನಿಲ್ಲಿಸಿದರು. ಅವನ ಎಡವಟ್ಟುಗಳಿಂದ ಹುಚ್ಚು ಹಿಡಿಯುವಂತಾಗುವ ಮೇಲಧಿಕಾರಿ ಡ್ರೈಫಸ್, ಮನೆಯಲ್ಲೇ ಹೊಂಚು ಹಾಕಿ ಮೇಲೆರಗುವ ಸೇವಕ ಕೇಟೋ, ಇಬ್ಬರೂ ಹುಟ್ಟಿದ್ದು ಇದರಲ್ಲೇ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ನಮ್ಮ ಗಾದೆಯನ್ನು ಇವನನ್ನು ನೋಡಿಯೇ ಮಾಡಿದರೇನೋ ಎನ್ನಿಸುವಷ್ಟು ಗತ್ತಿನಿಂದ ಕ್ಲೂಸೋ ಎದ್ದು ನಿಲ್ಲುತ್ತಾನೆ. ನಗು ಹುಟ್ಟುವುದು ಬೀಳುವುದಕ್ಕಿಂತ ಹೆಚ್ಚಾಗಿ ಆ ಗತ್ತಿನಲ್ಲಿ.

ಎರಡನೆಯದು, ಡ್ರೈಫಸ್‌ನೇ ಖಳನಾಗಿ ಜಗತ್ತನ್ನು ಬೆದರಿಸುವ 1976ರ ‘ದ ಪಿಂಕ್ ಪ್ಯಾಂಥರ್ ಸ್ಟ್ರೈಕ್ಸ್ ಅಗೇನ್’. ಬಳಿಕ 1975ರ ‘ರಿಟರ್ನ್’, ಆಮೇಲೆ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತಕ್ಕಾಗಿಯಾದರೂ ಮೊದಲ ಚಿತ್ರ. 1978ರ ‘ರಿವೆಂಜ್’ ಸಾಧಾರಣ. ಸೆಲರ್ಸ್ 1980ರಲ್ಲಿ ತೀರಿಕೊಂಡ ಮೇಲೆ, ಬಳಸದೆ ಉಳಿದಿದ್ದ ಅವರ ದೃಶ್ಯಗಳನ್ನು ಪೋಣಿಸಿ 1982ರಲ್ಲಿ ತಂದ ‘ಟ್ರೇಲ್’ ಚಿತ್ರಕ್ಕೆ ನಿಮ್ಮ ಕರೆಂಟನ್ನು ಖರ್ಚು ಮಾಡಬೇಡಿ.