ಅದೇ ರೊಟ್ಟಿ, ಅದೇ ಕರಿ. ತೂಕ ಮಾತ್ರ ಯಾಕೆ ಏರಿತು?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮನೆಯಿಂದಲೇ ಆಫೀಸ್ ಕೆಲಸ, ಏರಿದ ತೂಕ. ನಾಲ್ಕನ್ನು ಇಲ್ಲಿ ಆರಿಸಿದ್ದೇನೆ. ಎಲ್ಲರೂ ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಕೊಡಗಿನ ಅವರವರ ಊರಷ್ಟೇ ಹಾಕಿದ್ದೇನೆ. ಉತ್ತರಿಸುತ್ತಿರುವ ನಾನು ಪಥ್ಯಾಹಾರ ತಜ್ಞೆ. ಲಾಕ್‌ಡೌನ್‌ನಲ್ಲಿ ಫೋನಿನಲ್ಲೇ ಸಲಹೆ ಕೊಡುತ್ತಾ, ಪಕ್ಕದಲ್ಲಿ ನೇಂದ್ರ ಚಿಪ್ಸ್ ಡಬ್ಬ ಇಟ್ಟುಕೊಂಡು ನಾಲ್ಕು ಕೆ.ಜಿ. ಏರಿಸಿಕೊಂಡವಳು ಕೂಡ.

ಪ್ರಶ್ನೆ: ನನಗೆ 36 ವರ್ಷ, ಎತ್ತರ 172 ಸೆಂ.ಮೀ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಇತ್ತು. 2020ರಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ, ಕಂಪನಿಯೂ ಒಪ್ಪಿದೆ. ಮೊದಲ ಮೂರು ವರ್ಷದಲ್ಲೇ 72 ಕೆ.ಜಿ. ಇದ್ದವನು 81 ಆದೆ. ಆಮೇಲೆ ಇಳಿದೇ ಇಲ್ಲ. ಹೋಟೆಲ್ ಊಟ ಇಲ್ಲ, ಅವ್ವ ಮಾಡಿದ್ದೇ ಊಟ. ನಮ್ಮ ಅಜ್ಜ ದಿನಾ ಅಕ್ಕಿ ರೊಟ್ಟಿ, ವಾರಕ್ಕೆರಡು ಸಲ ಪಂದಿ ಕರಿ (ಹಂದಿ ಮಾಂಸದ ಸಾರು) ತಿಂದೂ ಕೊನೆವರೆಗೆ ಕಡ್ಡಿಯ ಹಾಗೇ ಇದ್ದರು. ನನಗೆ ಮಾತ್ರ ಯಾಕೆ ಹೀಗೆ? ವಾಕಿಂಗ್ ಹೋಗೋಣ ಅಂದರೆ ಮಳೆ, ಜಿಗಣೆ. ಬೆಳಿಗ್ಗೆ ಸಂಜೆ ಆನೆ ಬೇರೆ.
(ಸಿದ್ದಾಪುರ)

ಉತ್ತರ: ಅಜ್ಜ ಏನು ತಿಂದರು ಅಂತ ನಿಮಗೆ ನೆನಪಿದೆ. ಎಷ್ಟು ನಡೆದರು ಅಂತ ನೆನಪಿದೆಯಾ? ಬೆಳಿಗ್ಗೆ ತೋಟದ ಆಳುಗಳ ಲೈನ್ ಮನೆ ಕಡೆ ಹೋಗಿ ಆಳು ಲೆಕ್ಕ ನೋಡಬೇಕು. ಅಲ್ಲಿಂದ ತೋಟ, ತೋಟದಿಂದ ಗದ್ದೆ, ಗದ್ದೆಯಿಂದ ಕೊಟ್ಟಿಗೆ. ಕಾಫಿ ಕುಯ್ಲಿನಲ್ಲಿ ಕಣದ ಸುತ್ತ ಇಡೀ ದಿನ. ಯಾವುದನ್ನೂ ಅವರು ವ್ಯಾಯಾಮ ಅಂತ ಕರೆದಿರಲ್ಲ. ಅವರ ತಟ್ಟೆ ನಿಮಗೆ ಬಂತು, ಅವರ ಕಾಲು ಬರಲಿಲ್ಲ.

ನೀವೂ ಬೆಂಗಳೂರಿನಲ್ಲಿ ಹೀಗೇ ಲೆಕ್ಕಕ್ಕೆ ಸಿಗದ ನಡಿಗೆ ಮಾಡುತ್ತಿದ್ದಿರಿ. ಬಸ್ ಸ್ಟಾಪ್‌ವರೆಗೆ, ಲಿಫ್ಟ್ ಕೆಟ್ಟ ದಿನ ಮೆಟ್ಟಿಲು, ಮೀಟಿಂಗ್ ರೂಮ್, ಕ್ಯಾಂಟೀನ್, ನಾಲ್ಕು ಗಂಟೆಗೆ ಹೊರಗೆ ಚಹಾ. ಸುಮಾರು 75 ಕೆ.ಜಿ. ತೂಕದವರು ಒಂದು ಕಿ.ಮೀ. ನಡೆದರೆ ಹೆಚ್ಚುಕಡಿಮೆ 50 ಕ್ಯಾಲೊರಿ ಖರ್ಚು. ದಿನಕ್ಕೆ ಎರಡು ಮೂರು ಕಿ.ಮೀ. ಹೀಗೆ ಸದ್ದಿಲ್ಲದೆ ಆಗುತ್ತಿತ್ತು. ಈಗ ಮಂಚದಿಂದ ಮೇಜಿಗೆ ಎಂಟು ಹೆಜ್ಜೆ, ಮೇಜಿನಿಂದ ಅಡುಗೆಮನೆಗೆ ಹತ್ತು.

ನಿಮ್ಮ ಲೆಕ್ಕವನ್ನೇ ಹಾಕಿ ನೋಡಿದೆ. ಒಂದು ಕೆ.ಜಿ. ಬೊಜ್ಜು ಅಂದರೆ ಸುಮಾರು 7,700 ಕ್ಯಾಲೊರಿ. ಮೂರು ವರ್ಷಕ್ಕೆ 9 ಕೆ.ಜಿ. ಅಂದರೆ ದಿನಕ್ಕೆ 63 ಕ್ಯಾಲೊರಿಯಷ್ಟು ಉಳಿದಿದೆ. ಸಕ್ಕರೆ ಹಾಕಿದ ಒಂದು ಲೋಟ ಹಾಲಿನ ಕಾಫಿಗಿಂತ ಕಡಿಮೆ! ದೇಹ ಇಷ್ಟು ಸರಳ ಲೆಕ್ಕದಲ್ಲಿ ನಡೆಯಲ್ಲ, ನಿಜ. ತೂಕ ಏರಿದ ಹಾಗೆ ಖರ್ಚೂ ಸ್ವಲ್ಪ ಏರುತ್ತದೆ, ಹಾಗಾಗಿ ನಿಜವಾದ ಅಂತರ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೂ ನಿಮಗೆ ಗೊತ್ತಾಗುವಷ್ಟು ದೊಡ್ಡದಲ್ಲ. 'ನಾನೇನೂ ಜಾಸ್ತಿ ತಿಂದಿಲ್ಲ' ಅಂತ ನೀವು ಅಂದರೆ ನಾನು ನಂಬುತ್ತೇನೆ.

ಇದರ ಬಗ್ಗೆ 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಬೊಜ್ಜಿಲ್ಲದ 16 ಜನರಿಗೆ ಎಂಟು ವಾರ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಒಬ್ಬರಿಗೆ ಅರ್ಧ ಕೆ.ಜಿ.ಯೂ ಬೊಜ್ಜು ಏರಲಿಲ್ಲ. ಇನ್ನೊಬ್ಬರಿಗೆ ನಾಲ್ಕು ಕೆ.ಜಿ. ದಾಟಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಜಿಮ್ ಅಲ್ಲ. ಏಳುವುದು, ಕೂರುವುದು, ಓಡಾಡುವುದು, ಸುಮ್ನೆ ಕೂತಲ್ಲೂ ಕಾಲಾಡಿಸುವುದು. ಮನೆಯಲ್ಲಿ ಕೂತು ಮಾಡುವ ಕೆಲಸ ಕಿತ್ತುಕೊಳ್ಳುವುದು ಇದನ್ನೇ.

ಇನ್ನೊಂದು ಮಾತು. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಈಗ 27.4. ಆದರೆ 72 ಕೆ.ಜಿ. ಇದ್ದಾಗಲೇ 24.3 ಇತ್ತು. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಅದಕ್ಕಿಂತ ಮುಖ್ಯ ಸೊಂಟದ ಅಳತೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಆಫೀಸಿಗೆ ಹೋಗುವಾಗ ಪ್ಯಾಂಟಿನ ಹುಕ್ಕೇ ಎಚ್ಚರಿಸುತ್ತಿತ್ತು. ಎಲಾಸ್ಟಿಕ್ ಇರುವ ಟ್ರ್ಯಾಕ್ ಪ್ಯಾಂಟ್ ಯಾವತ್ತೂ ಬಾಯಿ ಬಿಡಲ್ಲ. ತಿಂಗಳಿಗೊಮ್ಮೆ ಟೇಪ್ ಹಿಡಿಯಿರಿ. ಆಫೀಸಿನ ಹಳೇ ಪ್ಯಾಂಟ್ ಹಾಕಿ ನೋಡಿದರೂ ಆಗುತ್ತದೆ.

ಈಗ ಆನೆ ವಿಷಯ. ನಿಮ್ಮ ಕಡೆ ನಸುಕಿನಲ್ಲಿ, ಮಬ್ಬುಗತ್ತಲಲ್ಲಿ ತೋಟದ ದಾರಿಯಲ್ಲಿ ನಡೆಯಿರಿ ಅಂತ ನಾನು ಯಾವತ್ತೂ ಹೇಳಲ್ಲ. 'ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್' ಅನ್ನುವುದು ಪೇಟೆಯವರ ಸಲಹೆ, ಸಿದ್ದಾಪುರಕ್ಕೆ ಹೊಂದಲ್ಲ. ನಿಮ್ಮ ಹೊತ್ತು ಮಧ್ಯಾಹ್ನ. ಊಟ ಆದ ಕೂಡಲೇ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ಕಣದಲ್ಲೋ ನಡೆಯಿರಿ. ಊಟದ ನಂತರದ ನಡಿಗೆಯಿಂದ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ, ಅದೊಂದು ಲಾಭ ಬೇರೆ. ಮಳೆ ಬಿಡದಿದ್ದರೆ ಜಗಲಿ ಇದೆ. ವಿಡಿಯೊ ಬೇಡದ ಕಾಲ್‌ಗಳನ್ನೆಲ್ಲ ಜಗಲಿಯಲ್ಲಿ ನಡೆಯುತ್ತಲೇ ಮಾಡಿ. ಕರೆಂಟ್ ಹೋಗಿ ನೆಟ್‌ವರ್ಕ್ ಸತ್ತಾಗ ಮೊಬೈಲ್ ಹಿಡಿದು ಕೂರುತ್ತೀರಲ್ಲ, ಆ ಹೊತ್ತೂ ನಿಮ್ಮದೇ. ನಮ್ಮ ಮಳೆಗಾಲದಲ್ಲಿ ಅದೇನು ಕಡಿಮೆಯಾ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ. ಅದರ ಜೊತೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಕೂರಿ. ಗೋಡೆಗೆ ಕೈಕೊಟ್ಟು ಹತ್ತು ಸಲ ದಂಡ ಹೊಡೆಯಿರಿ. ಇದನ್ನೇ ಮೂರು ಸುತ್ತು. ಹತ್ತು ಸಾವಿರ ಹೆಜ್ಜೆಯ ಹಟ ಬೇಡ. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು, ವೈದ್ಯರು ಹೇಳಿದ್ದಲ್ಲ. ಈಗ ಎರಡು ಸಾವಿರ ಇದ್ದರೆ ಮುಂದಿನ ತಿಂಗಳು ನಾಲ್ಕು ಸಾವಿರ ಆಗಲಿ.

ಪಂದಿ ಕರಿ ಬಿಡಬೇಕಾ ಅಂತ ನೀವು ಕೇಳಿಲ್ಲ. ಕೇಳಲು ಹೆದರಿರಬೇಕು! ಬಿಡಬೇಡಿ. ವಾರಕ್ಕೊಮ್ಮೆ ಸಾಕು. ಕೊಬ್ಬಿನ ತುಂಡು ಕಡಿಮೆ ಹಾಕಿಸಿಕೊಳ್ಳಿ, ಮೇಲೆ ತೇಲುವ ಎಣ್ಣೆ ತಟ್ಟೆಗೆ ಬರದಿರಲಿ. ನನ್ನ ಅನುಭವದಲ್ಲಿ ಕೈ ಮೀರುವುದು ಕರಿ ಅಲ್ಲ, ಅದರ ಜೊತೆಗಿನ ಅಕ್ಕಿ ತರಿಯ ಉಂಡೆ, ಕಡಂಬುಟ್ಟು. ಕರಿ ರುಚಿಯಾದಷ್ಟೂ ಉಂಡೆ ಇಳಿಯುತ್ತಾ ಹೋಗುತ್ತದೆ. ನಾಲ್ಕರ ಜಾಗದಲ್ಲಿ ಎರಡು ತಿನ್ನಿ. ತಟ್ಟೆಯ ಅರ್ಧ ಕೆಂಬು (ಕೆಸುವಿನ ಸೊಪ್ಪು), ತೆರ್ಮೆ ತೊಪ್ಪು (ಜರಿಗಿಡದ ಚಿಗುರು), ಬೈಂಬಳೆ (ಕಳಲೆ), ಕುಮ್ಮು (ಅಣಬೆ) ಇರಲಿ. ಈ ಮಳೆಯಲ್ಲಿ ಮನೆ ಸುತ್ತ ಸಿಗುವುದನ್ನು ಬಿಟ್ಟು ಡಯಟ್ ಪ್ಯಾಕೆಟ್ ತರಿಸುವುದು ಯಾಕೆ?

ಕೊನೆಗೊಂದು ಎಚ್ಚರಿಕೆ. ಮನೆತನದ ತಂಡ ಕರೆಯಿತು ಅಂತ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಪಂದ್ಯಕ್ಕೆ ನೇರವಾಗಿ ಮೈದಾನಕ್ಕೆ ಇಳಿಯಬೇಡಿ. 1997ರಿಂದ ನಡೆಯುತ್ತಿರುವ ಆ ಉತ್ಸವದಲ್ಲಿ ಆಡುವ ಆಸೆ ನಮ್ಮಲ್ಲಿ ಯಾರಿಗಿಲ್ಲ? ಆದರೆ ವರ್ಷಗಟ್ಟಲೆ ಕೂತ ತೊಡೆ ಮೊದಲ ಓಟಕ್ಕೇ ಹಿಡಿದುಕೊಳ್ಳುತ್ತದೆ. ಎರಡು ತಿಂಗಳು ಮೊದಲೇ ತಯಾರಿ ಶುರು ಮಾಡಿ.

ಪ್ರಶ್ನೆ: ಅಮೆರಿಕದ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತೇನೆ, ಸಂಜೆ ಐದೂವರೆಯಿಂದ ರಾತ್ರಿ ಎರಡೂವರೆವರೆಗೆ. ಬೆಳಿಗ್ಗೆ ಏಳಕ್ಕೆ ಎದ್ದು ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಬೇಕು. ನಿದ್ದೆ ತಡೆಯಲು ಏಳೆಂಟು ಲೋಟ ಕಾಫಿ ಆಗುತ್ತದೆ. ರಾತ್ರಿ ಹನ್ನೆರಡರ ಮೇಲೆ ತಡೆಯಲಾಗದ ಹಸಿವು. ಹೋಮ್‌ಮೇಡ್ ಚಾಕಲೇಟ್, ಉಳಿದ ಅನ್ನ, ಏನು ಸಿಕ್ಕಿದರೂ ತಿನ್ನುತ್ತೇನೆ. ಒಂದೂವರೆ ವರ್ಷದಲ್ಲಿ 7 ಕೆ.ಜಿ. ಏರಿದೆ. ನನಗೆ ಮನಸ್ಸಿನ ಗಟ್ಟಿತನ ಇಲ್ಲ ಅನ್ನಿಸುತ್ತದೆ.
(ಮಡಿಕೇರಿ)

ಉತ್ತರ: ಮನಸ್ಸಿನದಲ್ಲ, ನಿದ್ದೆಯದು. ನೀವು ನಾಲ್ಕು ಗಂಟೆಯಷ್ಟೇ ಮಲಗುತ್ತಿದ್ದೀರಿ. ನಿದ್ದೆ ಕಡಿಮೆಯಾದರೆ ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನ್ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಸೌತೆಕಾಯಿ ಬೇಕು ಅನ್ನಿಸಲ್ಲ, ಚಾಕಲೇಟೇ ಬೇಕು. ಅದೂ ಅಲ್ಲದೆ ಅದೇ ಅನ್ನವನ್ನು ಹಗಲಿನಲ್ಲಿ ನಿಭಾಯಿಸಿದಷ್ಟು ಚೆನ್ನಾಗಿ ದೇಹ ನಡುರಾತ್ರಿ ನಿಭಾಯಿಸಲ್ಲ.

ಹಾಗಾಗಿ ಮೊದಲು ಮನೆಯಲ್ಲಿ ಕೂತು ಮಾತಾಡಿ. ಬಸ್ಸಿಗೆ ಹತ್ತಿಸುವ ಕೆಲಸ ವಾರದಲ್ಲಿ ನಾಲ್ಕು ದಿನವಾದರೂ ಮನೆಯವರು ವಹಿಸಿಕೊಳ್ಳಲಿ. ಅದು ಆಗದಿದ್ದರೆ ಮಗಳು ಹೋದ ಮೇಲೆ ಪರದೆ ಎಳೆದು ಹನ್ನೊಂದರವರೆಗೆ ಮತ್ತೆ ಮಲಗಿ. ಪಾತ್ರೆ ಕಾಯುತ್ತದೆ. ನಿದ್ದೆ ಸರಿಯಾಗದೆ ನಾನು ಕೊಡುವ ಯಾವ ಪಥ್ಯವೂ ನಿಮಗೆ ಎರಡು ವಾರ ದಾಟಲ್ಲ.

ಆಮೇಲೆ ಕಾಫಿ. ಕಾಫಿ ಬೆಳೆಯುವ ಊರಿನಲ್ಲಿ ಕೂತು ಕಾಫಿ ಬಿಡಿ ಅನ್ನಲು ನನಗೂ ಧೈರ್ಯ ಇಲ್ಲ. ಆದರೆ ರೊಬಸ್ಟಾ ತಳಿಯ ಕಾಫಿಯಲ್ಲಿ ಅರೇಬಿಕಾ ತಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ. ನಿಮ್ಮ ಮನೆ ಪುಡಿ ಯಾವುದು ಅಂತ ನೋಡಿಕೊಳ್ಳಿ. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಗಡಿ ಅಂತ ಲೆಕ್ಕ. ಕುಡಿದ ಐದು ಗಂಟೆಯ ನಂತರವೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಮೂರಕ್ಕೆ ಮಲಗುವವರು ರಾತ್ರಿ ಒಂಬತ್ತರ ಮೇಲೆ ಕಾಫಿ ಮುಟ್ಟಬಾರದು. ಸಕ್ಕರೆ ಲೆಕ್ಕವನ್ನೂ ನೋಡಿ. ಎಂಟು ಲೋಟ, ಲೋಟಕ್ಕೆ ಒಂದೂವರೆ ಚಮಚ ಅಂದುಕೊಂಡರೆ ದಿನಕ್ಕೆ 12 ಚಮಚ, ಅಂದರೆ 50 ಗ್ರಾಂ ಆಸುಪಾಸು. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿದರೆ ರುಚಿ ಬದಲಾಗುತ್ತದೆ, ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ರಾತ್ರಿ ಎಂಟಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಮನೆಯವರ ಜೊತೆ ಸರಿಯಾಗಿ ಊಟ ಮಾಡಿ, ಅದರಲ್ಲಿ ಮೀನೋ ಮೊಟ್ಟೆಯೋ ಕಾಳೋ ಇರಲಿ. ಹನ್ನೊಂದೂವರೆಗೆ ಹುರಿಗಡಲೆ, ಮಜ್ಜಿಗೆ ಅಥವಾ ಒಂದು ಕಿತ್ತಳೆ. ಅದನ್ನು ಸಂಜೆಯೇ ಮೇಜಿನ ಮೇಲೆ ಎತ್ತಿಟ್ಟುಕೊಳ್ಳಿ. ಚಾಕಲೇಟ್ ಮನೆಗೆ ಬರುವುದನ್ನೇ ನಿಲ್ಲಿಸಿ. ಪ್ರವಾಸಿಗರು ತಿನ್ನಲಿ ಬಿಡಿ. ಸುಸ್ತು, ಕೂದಲು ಉದುರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಮತ್ತು ಸಕ್ಕರೆಯ ರಕ್ತಪರೀಕ್ಷೆ ಒಮ್ಮೆ ಮಾಡಿಸಿ.

ಪ್ರಶ್ನೆ: ಕಾಚಂಪುಳಿ (ಪಂದಿ ಕರಿಗೆ ಹಾಕುವ ಹಣ್ಣಿನ ಹುಳಿರಸ) ಬಿಸಿನೀರಿಗೆ ಹಾಕಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೊಜ್ಜು ಕರಗುತ್ತದಂತೆ, ಹೌದಾ? ಇದೇ ಹಣ್ಣಿನ ಮಾತ್ರೆ ಆನ್‌ಲೈನ್‌ನಲ್ಲೂ ಸಿಗುತ್ತಿದೆ. ಕೂತು ಮಾಡುವ ಕೆಲಸದವರಿಗೆ ಒಳ್ಳೆಯದು ಅಂತ ಬರೆದಿದ್ದಾರೆ.
(ಸೋಮವಾರಪೇಟೆ)

ಉತ್ತರ: ಈ ಮಾತು ಹುಟ್ಟಿದ್ದಕ್ಕೆ ಕಾರಣ ಇದೆ. ಕಾಚಂಪುಳಿ ಮಾಡುವ ಹಣ್ಣಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಬೊಜ್ಜು ಕಟ್ಟುವುದನ್ನು ಅದು ತಡೆಯಬಹುದು ಅಂತ ಪ್ರಯೋಗಾಲಯದಲ್ಲಿ ಕಂಡಿತ್ತು. ಆದರೆ ಮನುಷ್ಯರಲ್ಲಿ ನೋಡಿದಾಗ ಆ ಆಸೆ ನಿಲ್ಲಲಿಲ್ಲ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 135 ಜನರನ್ನು 12 ವಾರ ನೋಡಿದರು. ನಿಜವಾದ ಮಾತ್ರೆ ತಿಂದವರಿಗೂ ಸುಮ್ಮನೆ ಕೊಟ್ಟ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇಂಥ ಮಾತ್ರೆ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಮಾತ್ರೆ ಖಂಡಿತ ಬೇಡ. ಖಾಲಿ ಹೊಟ್ಟೆಗೆ ಅಷ್ಟು ಹುಳಿ ಬಿದ್ದರೆ ಹಲ್ಲೂ ಕೆಡುತ್ತದೆ, ಎದೆಯೂ ಉರಿಯುತ್ತದೆ. ಕಾಚಂಪುಳಿಯ ಜಾಗ ಕರಿಯಲ್ಲಿ. ಅಲ್ಲಿ ಅದಕ್ಕೆ ಸಾಟಿ ಇಲ್ಲ.

ಪ್ರಶ್ನೆ: ಮಗ ಬೆಳಿಗ್ಗೆ ಒಂಬತ್ತಕ್ಕೆ ರೂಮು ಸೇರಿದರೆ ರಾತ್ರಿಯೇ ಹೊರಗೆ ಬರುವುದು. ಕೆಲಸದ ಒತ್ತಡ ನೋಡಿ ಕಾಫಿ, ತಿಂಡಿ, ಊಟ ಎಲ್ಲ ನಾನೇ ಮೇಜಿಗೆ ತಂದಿಡುತ್ತೇನೆ. ಈಗ ಹೊಟ್ಟೆ ಬಂದಿದೆ. ಸೊಸೆ ನನ್ನನ್ನೇ ದೂರುತ್ತಾಳೆ. ನನ್ನ ತಪ್ಪಾ?
(ಪೊನ್ನಂಪೇಟೆ)

ಉತ್ತರ: ತಪ್ಪು ಅನ್ನಲ್ಲ ತಾಯಿ. ಮಗ ಕಣ್ಣೆದುರು ಕೂತಿರುವಾಗ ಯಾವ ಅವ್ವನ ಕೈ ಸುಮ್ಮನಿರುತ್ತದೆ? ಆದರೆ ಸೊಸೆ ಹೇಳುವುದರಲ್ಲಿ ಅರ್ಧ ನಿಜ ಇದೆ. ಮೇಜಿಗೆ ಬಂದದ್ದನ್ನು ಮಗ ಸ್ಕ್ರೀನ್ ನೋಡುತ್ತಾ ತಿನ್ನುತ್ತಾನೆ. ಎಷ್ಟು ತಿಂದೆ ಅಂತ ಗಮನಕ್ಕೇ ಬರಲ್ಲ, ಹಾಗಾಗಿ ಸ್ವಲ್ಪ ಹೊತ್ತಿಗೇ ಮತ್ತೆ ಬೇಕು ಅನ್ನಿಸುತ್ತದೆ. ಎದ್ದು ಬರುವ ನಾಲ್ಕು ಹೆಜ್ಜೆಯೂ ತಪ್ಪುತ್ತದೆ.

ಅಡುಗೆ ನೀವೇ ಮಾಡಿ, ಇಷ್ಟದ್ದನ್ನೇ ಮಾಡಿ. ತಟ್ಟೆ ಮಾತ್ರ ಊಟದ ಮನೆ ಬಿಟ್ಟು ಹೋಗದಿರಲಿ. ಕುಡಿಯುವ ನೀರಿನ ಹೂಜಿಯನ್ನೂ ರೂಮಿನಿಂದ ತೆಗೆದು ಹೊರಗಿಡಿ. ಹನ್ನೊಂದಕ್ಕೆ ಕಾಫಿ ಆದಾಗ ಬಾಗಿಲ ಹತ್ತಿರ ಹೋಗಬೇಡಿ, ಅಡುಗೆಮನೆಯಿಂದಲೇ ಒಂದು ಕೂಗು ಹಾಕಿ. ಮೊದಲ ವಾರ ಕಾಫಿ ಆರಿಹೋಗುತ್ತದೆ, ಮಗ ಸಿಡುಕಬಹುದು. ಬಿಸಿ ಮಾಡಿ ಕೊಡಬೇಡಿ.