‘ಉದ್ದ ಮಾಡಿಕೊಂಡಿತು’ ಎಂದು ಬರೆಯುವ ಮುನ್ನ

ಪ್ರಿಯರೇ,

ವಿಕಾಸವಾದ ಬೆಳೆದ ಬಗೆಯನ್ನೂ ಅದರ ಮೇಲೆ ಬಂದ ಟೀಕೆಗಳನ್ನೂ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಶ್ರಮಪಟ್ಟು ಬರೆದಿದ್ದೀರಿ, ಇಸವಿಗಳು ಸರಿಯಾಗಿವೆ, ಭಾಷೆ ತಿಳಿಯಾಗಿದೆ. ಆದರೆ ಮೂರನೆಯ ಪುಟದ ಒಂದು ವಾಕ್ಯ ನನ್ನನ್ನು ಮುಂದೆ ಹೋಗಲು ಬಿಡಲಿಲ್ಲ.

ಡಾರ್ವಿನ್ನನ ವಾದವೆಂದು ನೀವು ಬರೆದಿರುವುದು ಇದು: ‘ಎತ್ತರದ ಎಲೆಗಳನ್ನು ತಿನ್ನಲೆಂದು ಜಿರಾಫೆ ತನ್ನ ಕತ್ತನ್ನು ಉದ್ದ ಮಾಡಿಕೊಂಡಿತು.’ ಇದು 1809ರಲ್ಲಿ ಲಾಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಮುಂದಿಟ್ಟ ವಿಚಾರಕ್ಕೆ ಹತ್ತಿರ. ‘ತಿನ್ನಲೆಂದು’ ಎಂದೊಡನೆ ಪ್ರಾಣಿಗೆ ಒಂದು ಉದ್ದೇಶ ಬಂದುಬಿಡುತ್ತದೆ. ‘ಮಾಡಿಕೊಂಡಿತು’ ಎಂದೊಡನೆ ಅದು ತನಗಾಗಿ ತಾನೇ ಮಾಡಿದ ಕೆಲಸವಾಗುತ್ತದೆ. ಬಳಕೆಯಿಂದ ಅಂಗ ಬೆಳೆಯುತ್ತದೆಂಬುದನ್ನು ಡಾರ್ವಿನ್ ಪೂರ್ತಿ ತಳ್ಳಿಹಾಕಲಿಲ್ಲ, ನಿಜ. ಆದರೆ 1859ರಲ್ಲಿ ಅವನು ಹೇಳಿದ ಹೊಸ ಮಾತು ಬೇರೆ. ಅದನ್ನು ಜಿರಾಫೆಗೆ ಅನ್ವಯಿಸಿ ನೋಡಿ: ಒಂದೇ ಹಿಂಡಿನಲ್ಲಿ ಕತ್ತು ಮೊದಲೇ ಒಂದಕ್ಕೆ ತುಸು ಉದ್ದ, ಇನ್ನೊಂದಕ್ಕೆ ತುಸು ಗಿಡ್ಡ ಇರುತ್ತದೆ. ಮೇವು ಸಾಲದ ಕಾಲದಲ್ಲಿ ಉದ್ದ ಕತ್ತಿನವು ಹೆಚ್ಚಾಗಿ ಉಳಿದು ಮರಿ ಹಾಕುತ್ತವೆ. ಆ ಲಕ್ಷಣ ಮರಿಗಳಿಗೂ ಇಳಿಯುತ್ತದೆ. ಇದೇ ನಿಸರ್ಗದ ಆಯ್ಕೆ. ಇಲ್ಲಿ ಯಾವ ಜಿರಾಫೆಯೂ ಏನನ್ನೂ ಮಾಡಿಕೊಳ್ಳಲಿಲ್ಲ.

ಮುಂದಿನ ಸಾಲಿನಲ್ಲೂ ಅದೇ ತಪ್ಪು: ‘ರೋಗಾಣುಗಳು ಔಷಧಿಗೆ ಹೊಂದಿಕೊಳ್ಳಲು ಬದಲಾಗುತ್ತವೆ.’ ನೀವು ಮೂಡಿಗೆರೆಯ ಕಡೆಯವರು. ತೋಟಕ್ಕೆ ಹೋಗಿ ತುಕ್ಕು ರೋಗ ಬಂದ ಕಾಫಿ ಎಲೆಯೊಂದನ್ನು ಮಗುಚಿ ನೋಡಿ. ಅಡಿಯಲ್ಲಿರುವ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟುತ್ತದೆ. ತುಕ್ಕನ್ನು ತಡೆಯುತ್ತದೆಂದು ನಂಬಿ ನೆಟ್ಟ ಕೆಂಟ್ಸ್ ತಳಿಗೂ ಕಾಲಕ್ರಮೇಣ ಅದು ತಗಲಿತು. ತುಕ್ಕು ರೋಗ ತರುವ ಈ ಶಿಲೀಂಧ್ರದಲ್ಲೇ ಬೇರೆ ಬೇರೆ ಒಳಬಗೆಗಳಿವೆಯೆಂಬುದನ್ನು 1930ರ ದಶಕದಲ್ಲಿ ಮೇಯ್ನ್ ಎಂಬ ವಿಜ್ಞಾನಿ ತೋರಿಸಿದ್ದು ನಿಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ. ಶಿಲೀಂಧ್ರ ಕಲಿತು ಬದಲಾಗಲಿಲ್ಲ. ಆ ಗಿಡದಲ್ಲಿ ಬೆಳೆಯಬಲ್ಲ ಬಗೆ ಉಳಿದು ಹಬ್ಬಿತು. ಜಿರಾಫೆಗಿಂತ ಇದನ್ನೇ ಬರೆದಿದ್ದರೆ ನಮ್ಮ ಓದುಗರಿಗೆ ಎಷ್ಟು ಹತ್ತಿರವಾಗುತ್ತಿತ್ತು!

ಇದೇ ತಪ್ಪನ್ನು ನಾನೂ ಮಾಡಿದ್ದೆ. ಹಾಸನದ ಸಣ್ಣ ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, ‘ಹಕ್ಕಿಗಳಿಂದ ಪಾರಾಗಲು ಕಡ್ಡಿಹುಳು ಕಡ್ಡಿಯ ರೂಪ ತಾಳಿತು’ ಎಂದು ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ, ಪೆನ್ನು ಕೆಳಗಿಟ್ಟು, ‘ತಾನು ಕಡ್ಡಿಯ ಹಾಗೆ ಕಾಣಬೇಕೆಂದು ಹುಳುವಿಗೆ ಗೊತ್ತಿತ್ತೇನಪ್ಪಾ?’ ಎಂದು ಕೇಳಿದರು. ಆ ರಾತ್ರಿ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕುಳಿತು ಆ ಒಂದು ವಾಕ್ಯವನ್ನು ಎಷ್ಟು ಸಲ ಹೊಡೆದು ಬರೆದೆನೋ! ಕೊನೆಗೆ ಒಂದು ವಾಕ್ಯದ ಜಾಗದಲ್ಲಿ ನಾಲ್ಕು ವಾಕ್ಯಗಳು ಬಂದವು. ಅವರು ನಾಲ್ಕನ್ನೂ ಉಳಿಸಿದರು.

ಐದನೆಯ ಪುಟದಲ್ಲಿ ‘ಅನೇಕ ವಿಜ್ಞಾನಿಗಳು ಟೀಕಿಸಿರುವುದರಿಂದ ಇದು ಇನ್ನೂ ಕೇವಲ ಸಿದ್ಧಾಂತ’ ಎಂದಿದ್ದೀರಿ. ಯಾರು, ಯಾವುದನ್ನು ಟೀಕಿಸಿದರು? 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಇಂಜಿನಿಯರ್ ಎತ್ತಿದ ಆಕ್ಷೇಪವನ್ನೇ ನೋಡಿ. ತಂದೆತಾಯಿಯ ಲಕ್ಷಣಗಳು ಮಕ್ಕಳಲ್ಲಿ ಹಾಲು ಡಿಕಾಕ್ಷನ್‌ನಂತೆ ಬೆರೆತುಹೋಗುವುದಾದರೆ, ಒಂದು ಹೊಸ ಗುಣ ಕೆಲವೇ ತಲೆಮಾರುಗಳಲ್ಲಿ ತೆಳುವಾಗಿ ಇಲ್ಲವಾಗಬೇಕಲ್ಲವೇ? ಡಾರ್ವಿನ್ ಇದಕ್ಕೆ ತೃಪ್ತಿಕರ ಉತ್ತರ ಕಾಣಲಿಲ್ಲ. ಲಕ್ಷಣಗಳ ಅಂಶಗಳು ಬೆರೆತು ಕರಗುವುದಿಲ್ಲ, ಬಿಡಿಬಿಡಿಯಾಗಿಯೇ ಮುಂದಿನ ತಲೆಮಾರಿಗೆ ಸಾಗುತ್ತವೆ ಎಂಬ ಮೆಂಡೆಲ್‌ನ ಬಟಾಣಿ ಪ್ರಯೋಗಗಳ ವರದಿ 1866ರಲ್ಲೇ ಅಚ್ಚಾಗಿದ್ದರೂ, ಲೋಕ ಅದರತ್ತ ಗಮನ ಕೊಟ್ಟದ್ದು 1900ರಲ್ಲಿ. ಆ ಟೀಕೆಗೆ ಉತ್ತರ ಹುಡುಕುತ್ತ ಹೋದರೆ ತಳಿವಿಜ್ಞಾನವೇ ಎದುರಾಗುತ್ತದೆ. ಅಣುಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ನಿಸರ್ಗದ ಆಯ್ಕೆಗೆ ಸಿಗದೆ ಆಕಸ್ಮಿಕವಾಗಿ ನೆಲೆಗೊಳ್ಳುತ್ತವೆಂದು 1968ರಲ್ಲಿ ವಾದಿಸಿದ ಜಪಾನಿನ ವಿಜ್ಞಾನಿ ಕಿಮುರಾ ಕೂಡ ಜೀವಿಗಳ ವಿಕಾಸವನ್ನು ಅಲ್ಲಗಳೆಯಲಿಲ್ಲ. ನಿಮ್ಮ ವಾಕ್ಯ ಈ ಎಲ್ಲರನ್ನೂ ‘ಅನೇಕ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕಿದೆ.

ಈ ಎರಡು ಪುಟಗಳನ್ನು ಹೊಸದಾಗಿ ಬರೆದು ಕಳುಹಿಸಿ. ಜೆಂಕಿನ್‌ಗೆ ಒಂದು ಪುಟ ಪೂರ್ತಿ ಕೊಡಿ. ಜಿರಾಫೆಯನ್ನು ಬಿಟ್ಟು ನಿಮ್ಮ ತೋಟದ ಎಲೆಯನ್ನು ತನ್ನಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ.

ನಿಮ್ಮವ,
ಸಂಪಾದಕ